ನಾಲ್ಕನೆಯ ತಟ್ಟೆ

ಶಾಲೆಯ ರೇಷ್ಮೆಹುಳುಗಳನ್ನು ಮುಟ್ಟಿ ಸಾಯಿಸಿದಳೆಂದು ಮೂರನೆಯ ತರಗತಿಯ ಮುನಿಗಂಗಮ್ಮನ ಹೆಸರನ್ನು ಹೆಡ್‌ಮಾಸ್ಟರು ಅಪ್ಪಯ್ಯಣ್ಣ ಹಾಜರಿಯಿಂದ ಹೊಡೆದು ಹಾಕಿದರು. ಅವಳಿಗೆ ಒಂಬತ್ತು ವರ್ಷ. ಹೊಲಗೇರಿಯಿಂದ ಆ ಶಾಲೆಯ ಹೊಸ್ತಿಲು ದಾಟಿದ ಮೊದಲ ಮಗು.

ಆವತಿಯ ದಾರಿಯಲ್ಲಿರುವ ಆ ಹಳ್ಳಿಯಲ್ಲಿ ಇದು ನಡೆದದ್ದು ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ವರ್ಷದ ಬೇಸಿಗೆಯಲ್ಲಿ, ಶಾಲೆಯ ವರ್ಷಾಂತ್ಯದ ಸಭೆಗೆ ಇನ್ನೊಂದೇ ದಿನ ಇರುವಾಗ. ಸಹಾಯಕ ಮೇಷ್ಟ್ರು ಗೋಪಾಲಪ್ಪ ಅಂಗಿಯ ಗುಂಡಿ ಹಾಕುವುದನ್ನೂ ಮರೆತು ಓಡಿದ್ದು ಪಕ್ಕದ ಬೀದಿಯ ಆದಿನಾರಾಯಣಪ್ಪನವರ ಮನೆಗೆ. ಪೊಲೀಸ್ ದಫೇದಾರರಾಗಿದ್ದು ನಿವೃತ್ತರಾದ ಅವರ ಜಗಲಿಗೆ ಊರಿನ ಕಳವು, ಕಲಹ ಎಲ್ಲವೂ ಬರುತ್ತಿದ್ದವು. ಅವರ ಹಿಂದೆ ಹಿಂದೆಯೇ ತಿರುಗುವುದು ಗೋಪಾಲಪ್ಪನ ಹಳೆಯ ರೂಢಿ.

"ಏನೋ ಗೋಪಾಲು, ಮುಖ ಯಾಕೆ ಹಂಗಾಗಿದೆ?"

"ಶಾಲೆ ಹುಳ ಸತ್ತೋದ್ವು ದಫೇದಾರ್ರೇ. ಮೂರು ತಟ್ಟೆ. ಮೈಲಿಗೆಯಾಗಿ ಸತ್ವು ಅಂತ ಆ ಮಗೂನ ಓಡಿಸ್ಬಿಟ್ರು."

"ಒಟ್ಟು ತಟ್ಟೆ ಎಷ್ಟು?"

"ನಾಲ್ಕು."

"ನಾಲ್ಕನೇದು ಯಾರ್ದು?"

"ಅವಳ್ದೇ. ಅದು ಬದುಕಿದೆ. ಅದಕ್ಕೇ ಜನಕ್ಕೆ ಇನ್ನೂ ಉರಿ."

ಆ ವರ್ಷ ಪಾಠಕ್ರಮ ಬದಲಾಗಿತ್ತು. ಓದು ಲೆಕ್ಕಗಳ ಜೊತೆಗೆ ಹುಳು ಸಾಕುವ ಕಸುಬೂ ಪಾಠವಾಗಿ ಬಂದಿತ್ತು; ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೇ ಕಲಿಯಬೇಕೆಂಬ ಹುಕುಂ ಕೂಡ. ಅಪ್ಪಯ್ಯಣ್ಣ ಹುಕುಮನ್ನು ಗೋಡೆಗೆ ಅಂಟಿಸಿ, ಮುನಿಗಂಗಮ್ಮನ ತಟ್ಟೆಯನ್ನು ಮೂಲೆಗೆ ಸರಿಸಿದ್ದರು. ಎಲ್ಲರ ಸೊಪ್ಪಿನ ಬುಟ್ಟಿಯನ್ನು ಅವಳು ಮುಟ್ಟುವ ಹಾಗಿರಲಿಲ್ಲ. ಅವಳ ತಾಯಿ ಪಿಳ್ಳಮ್ಮ ಕೂಲಿಗೆ ಹೋದ ತೋಟದಿಂದ ಹಿಪ್ಪುನೇರಳೆ ಸೊಪ್ಪು ಬೇಡಿ ತರುತ್ತಿದ್ದಳು. ಮಗಳು ಅದನ್ನು ಲಂಗದ ಮಡಿಲಲ್ಲಿ ಕಟ್ಟಿಕೊಂಡು ಬರುತ್ತಿದ್ದಳು.

ಶಾಲೆಯ ಹುಳುಮನೆಗೆ ಬಂದು ಆದಿನಾರಾಯಣಪ್ಪ ತಟ್ಟೆಗಳ ಮೇಲೆ ಬಹಳ ಹೊತ್ತು ಬಗ್ಗಿ ನಿಂತರು. ಸತ್ತ ಹುಳುಗಳು ತಲೆ ಎತ್ತಿಕೊಂಡೇ ಮುದುಡಿದ್ದವು. ಬಾಯಿಂದ ಹಸಿರು ನೀರು ಕಾರಿದ್ದವು.

"ರೋಗ ಆಗಿದ್ರೆ ಒಂದೊಂದಾಗಿ ಸಾಯ್ತಿದ್ವು. ಇವು ಒಂದೇ ಮೇವಿಗೆ ಹೋಗಿವೆ." ಸೊಪ್ಪು ಬಾಡದಂತೆ ಬುಟ್ಟಿಗೆ ಮುಚ್ಚಿದ್ದ ಒದ್ದೆ ಗೋಣಿಯನ್ನು ಎತ್ತಿ ಗೋಪಾಲಪ್ಪನ ಮೂಗಿಗೆ ಹಿಡಿದರು. "ಮೂಸು."

ಘಾಟು ನೆತ್ತಿಗೇರಿತು. ಹೊಗೆಸೊಪ್ಪು!

ಹೊರಗೆ ಜಗಲಿಯ ಮೇಲೆ ಪಟೇಲ ಬೈಲಪ್ಪ ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕುತ್ತಾ ಕುಳಿತಿದ್ದ. ಪಕ್ಕದಲ್ಲಿ ಅಪ್ಪಯ್ಯಣ್ಣ ಕಟುಕಟು ಕೋಡುಬಳೆ ಕಡಿಯುತ್ತಾ ಸಭೆಯ ತೋರಣಕ್ಕೆ ಬಣ್ಣದ ಕಾಗದ ಕತ್ತರಿಸುತ್ತಿದ್ದರು. ಬೈಲಪ್ಪನ ಅಂಗೈ ನೋಡುತ್ತಲೇ ಗೋಪಾಲಪ್ಪನ ಮೈ ಉರಿಯಿತು. ಇವನೇ, ಅಂದುಕೊಂಡ.

"ಏನ್ ದಫೇದಾರ್ರೇ, ಕೋಳಿಕಳ್ರೆಲ್ಲಾ ಮುಗುದ್ರು ಅಂತ ಹುಳದ ಕೇಸ್ ಹಿಡುದ್ರಾ?" ಪಟೇಲ ನಕ್ಕ.

"ಒಂದೆಸಳು ಹೊಗೆಸೊಪ್ಪು ಕೊಡಿ ಪಟೇಲ್ರೇ, ಹೇಳ್ತೀನಿ."

"ಎಲ್ರಿಗೂ ನಾನೇ ಸಿಕ್ಕಿದ್ದು! ನಿನ್ನೆ ಈ ಮೇಷ್ಟ್ರಿಗೆ ಹಲ್ನೋವು ಅಂತ ಒಂದು ಹಿಡಿ ಕೊಟ್ಟೆ. ಇವತ್ತು ನೀವು."

"ಒಳಗೆ ಹುಳ ನೋಡಿದ್ರಾ?"

"ಆ ಹುಡುಗಿ ಕಾಲಿಟ್ಟ ದಿನದಿಂದ ಆ ಹೊಸ್ತಿಲು ತುಳುದಿಲ್ಲ ನಾನು. ಊರೇ ನೋಡಿದೆ."

ಮಾರನೆಯ ಬೆಳಗ್ಗೆ ಊರೆಲ್ಲ ಶಾಲೆಯ ಅಂಗಳದಲ್ಲಿ ಸೇರಿತು. ಪಿಳ್ಳಮ್ಮ ಮಗಳ ಕೈ ಹಿಡಿದು ಬೇಲಿಯಾಚೆ ನಿಂತಿದ್ದಳು. ಅಪ್ಪಯ್ಯಣ್ಣ ವರ್ಷದ ಸುದ್ದಿ ಓದಿದರು. ಮುಂದಿನ ವರ್ಷ ನೂಲು ಬಿಚ್ಚುವ ಪಾಠವೂ ಸೇರುತ್ತದೆ ಎಂದರು. ಪಾಸಾದವರ ಹೆಸರು ಹೇಳಿದರು. ಮೂರನೆಯ ತರಗತಿಗೆ ಮೊದಲು ಬಂದವನೆಂದು ಪಟೇಲನ ತಮ್ಮನ ಮಗನನ್ನು ಕರೆದರು. ಉತ್ತರ ತಿದ್ದಿದವನು ಗೋಪಾಲಪ್ಪ. ಮೊದಲು ಬಂದದ್ದು ಯಾರೆಂದು ಅವನಿಗೆ ಗೊತ್ತಿತ್ತು. ಬೇಲಿಯಾಚೆ ಮುನಿಗಂಗಮ್ಮ ಕತ್ತು ಚಾಚಿ ಕೇಳುತ್ತಲೇ ಇದ್ದಳು, ತನ್ನ ಹೆಸರು ಇನ್ನೂ ಬರಬಹುದೆಂದು.

ಆದಿನಾರಾಯಣಪ್ಪ ಎದ್ದು ನಿಂತರು.

"ಒಂದು ಸುದ್ದಿ ಬಿಟ್ಟೋಯ್ತು ಮೇಷ್ಟ್ರೇ. ಹುಳದ್ದು. ಅವಳು ಮುಟ್ಟಿದ್ರೆ ಸಾಯೋದಾದ್ರೆ ದಿನಾ ಮುಟ್ಟಿದ ಅವಳ ತಟ್ಟೆ ಮೊದಲು ಸಾಯ್ಬೇಕಿತ್ತು."

"ತನ್ನದು ಉಳುಸ್ಕೊಂಡು ನಮ್ಮೋರ್ದು ಸಾಯ್ಸಿದ್ಲು!" ಯಾರೋ ಕೂಗಿದರು.

"ಮಕ್ಕಳೇ, ಅವಳು ಯಾವತ್ತಾದ್ರೂ ನಿಮ್ಮ ಬುಟ್ಟಿ ಮುಟ್ಟಿದ್ಲೇನ್ರೋ?"

"ಮುಟ್ಟಿದ್ರೆ ಬಿಡ್ತಿದ್ವಾ ಸಾ! ಕಾವಲಿದ್ವಿ!" ಮುಂದಿನ ಸಾಲಿನ ಹುಡುಗನೊಬ್ಬ ಎದೆಯುಬ್ಬಿಸಿ ಹೇಳಿದ.

"ಕೇಳಿದ್ರಲ್ಲ. ವಿಷ ಇದ್ದದ್ದು ಆ ಬುಟ್ಟೀಲಿ. ಹೊಗೆಸೊಪ್ಪು ನೆನೆಸಿದ ನೀರನ್ನ ಗೋಣಿಗೆ ಹೊಯ್ದಿದ್ದಾರೆ, ಅದು ಸೊಪ್ಪಿಗಿಳಿದಿದೆ. ಮಾಡಿದೋರು ಒಂದು ಮರೆತ್ರು. ಆ ಬುಟ್ಟಿಗೂ ಅವಳಿಗೂ ನಡುವೆ ತಾವೇ ಗೆರೆ ಎಳೆದಿದ್ರು. ಆ ಗೆರೆಯೇ ಅವಳ ಹುಳ ಉಳಿಸ್ತು. ಇನ್ನು ಹೊಗೆಸೊಪ್ಪು ಪಟೇಲ್ರದು. ಆದ್ರೆ ಪಟೇಲ್ರು ಒಳಕ್ಕೆ ಹೋಗೋರಲ್ಲ. ಅವರಿಂದ ಒಂದು ಹಿಡಿ ಇಸ್ಕೊಂಡೋರು ಹಲ್ಲುನೋವಿನ ಮನುಷ್ಯ. ಮಾರನೇ ದಿನಾನೇ ಆ ಹಲ್ಲಲ್ಲಿ ಕೋಡುಬಳೆ ಪುಡಿಯಾಗ್ತಿತ್ತು."

ಗೋಪಾಲಪ್ಪನ ಕಣ್ಣು ಅಪ್ಪಯ್ಯಣ್ಣನವರತ್ತ ತಿರುಗಿತು. ಅವರು ಕೈಯ ಕಾಗದವನ್ನು ಮಡಿಸಿ ಜೇಬಿಗಿಟ್ಟರು.

"ಹುಕುಂ ಬಂದ್ಮೇಲೆ ಬೇಡ ಅನ್ನೋ ಹಂಗಿರ್ಲಿಲ್ಲ," ಎಂದರು ಅವರು, ಯಾರ ಮುಖವನ್ನೂ ನೋಡದೆ. "ಅವಳನ್ನ ಇಟ್ಕೊಂಡ್ರೆ ನಮ್ಮ ಮಕ್ಕಳನ್ನ ಬಿಡುಸ್ತೀವಿ ಅಂದ್ರಿ. ಶಾಲೆ ಮುಚ್ಚೋಗ್ತಿತ್ತು. ಹುಳ ತಾನೇ, ಅಂದ್ಕೊಂಡೆ."

ಈಗ ಯಾರಾದರೂ ಎದ್ದು ಬೇಲಿಯ ಕಡೆ ಹೋಗುತ್ತಾರೆ, ಮಗುವನ್ನು ಒಳಗೆ ಕರೆಯುತ್ತಾರೆ ಎಂದು ಗೋಪಾಲಪ್ಪ ಕಾದ. ಯಾರೂ ಏಳಲಿಲ್ಲ.

"ಆಯ್ತಪ್ಪಾ, ಮೇಷ್ಟ್ರು ಮಾಡಿದ್ದು ತಪ್ಪೇ," ಎಂದ ಬೈಲಪ್ಪ ಅಂಗೈ ಕೊಡವುತ್ತಾ. "ಅದಕ್ಕೇನೀಗ? ಹೊಡೆದ ಹೆಸರು ಹೊಡುದದ್ದೇ. ಉಳಿದ ತಟ್ಟೆ ಶಾಲೇದು. ಸ್ಕೂಲ್ ಇನ್‌ಸ್ಪೆಕ್ಟರಿಗೆ ಗೂಡು ತೋರ್ಸೋಕೆ ಬೇಕು. ಹುಡುಗೀನ ಮನೆಗೆ ಕಳ್ಸಿ."

ತಲೆಗಳು ಆಡಿದವು. ಆದಿನಾರಾಯಣಪ್ಪ ನಿಂತಲ್ಲೇ ಕುಸಿದು ಕುಳಿತರು. ಅಷ್ಟು ಮುದುಕರಾಗಿ ಅವರು ಗೋಪಾಲಪ್ಪನಿಗೆ ಎಂದೂ ಕಂಡಿರಲಿಲ್ಲ. ಸತ್ಯ ಸಿಕ್ಕಿತ್ತು. ಅದನ್ನು ಹಿಡಿದುಕೊಳ್ಳಲು ಆ ಅಂಗಳದಲ್ಲಿ ಕೈಗಳಿರಲಿಲ್ಲ.

ಬೇಲಿಯಾಚೆ ಪಿಳ್ಳಮ್ಮ ಒಬ್ಬಳೇ ನಿಂತಿದ್ದಳು.

ಗೋಪಾಲಪ್ಪ ಹುಳುಮನೆಗೆ ಓಡಿದ. ಅಪ್ಪಯ್ಯಣ್ಣ ಹಿಂದೆಯೇ ಬಂದರು. ಮೂಲೆಯ ತಟ್ಟೆಯ ಮುಂದೆ ಮುನಿಗಂಗಮ್ಮ ಕುಕ್ಕರಗಾಲಲ್ಲಿ ಕುಳಿತಿದ್ದಳು. ಹುಳುಗಳು ಹಣ್ಣಾಗಿ, ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ತಲೆಯಾಡಿಸುತ್ತಾ ಎಳೆ ಬಿಡತೊಡಗಿದ್ದವು. ಅವಳು ಒಂದೊಂದನ್ನೇ ಎರಡು ಬೆರಳಲ್ಲಿ ಎತ್ತಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು; ಬೆರಳು ನಡುಗುತ್ತಿರಲಿಲ್ಲ.

"ಸಾಕು. ಎದ್ದು ಮನೆಗೆ ಹೋಗು," ಎಂದರು ಅಪ್ಪಯ್ಯಣ್ಣ.

ಅವಳು ಇನ್ನೊಂದು ಹುಳುವನ್ನು ಎತ್ತಿಕೊಂಡಳು.

"ಹಣ್ಣಾಗ್ಬುಟ್ಟವೆ ಸಾ. ಎಲ್ಲಾನೂ ಹತ್ತಿಸೋಗಂಟ ನಾನು ಏಳಾಕಿಲ್ಲ."