ಮಾತಿನ ಕೇರಿಗೆ ನೀರು ತಂದ ಮಾಳವ್ವ

ಬಹಳ ಬಹಳ ಹಿಂದೆ, ಎಲುಬಿನ ಕೋಟೆಯೊಳಗೆ ತಲೆಪುರವೆಂಬ ರಾಜ್ಯವಿತ್ತು. ಕತ್ತಿನ ಕಣಿವೆಯಿಂದ ನಾಲ್ಕು ಕೆಂಪು ಹೊಳೆಗಳು ಕೋಟೆಗೆ ಹತ್ತಿ ಬರುತ್ತಿದ್ದವು, ಮುಂದೆ ಎರಡು, ಹಿಂದೆ ಎರಡು. ಹೌದು, ಅಲ್ಲಿ ಹೊಳೆ ಮೇಲಕ್ಕೇ ಹರಿಯುತ್ತಿತ್ತು. ಕೋಟೆಯ ಬುಡದಲ್ಲಿ ಬಳೆಯಂಥ ಕಾಲುವೆಯೊಂದು ನಾಲ್ಕನ್ನೂ ಕೂಡಿಸುತ್ತಿತ್ತು. ಊರ ನಡುವಿನ ನಾಲ್ಕು ಕೊಳಗಳ ತಿಳಿನೀರು ಒಂದರಿಂದ ಒಂದಕ್ಕೆ ಇಳಿದು, ಊರನ್ನೆಲ್ಲ ತೊಳೆದು, ನೆತ್ತಿಯ ದೊಡ್ಡ ಮೋರಿ ಸೇರುತ್ತಿತ್ತು.

ಒಂದು ಹೊಳೆ ನಿಂತರೆ ಬೇರೆ ಹೊಳೆಯ ನೀರು ತಿರುಗಿಸಲೆಂದು ಬಳೆಕಾಲುವೆಗೆ ಎರಡು ತೂಬುಗಳಿದ್ದವು, ಮುಂದೊಂದು, ಹಿಂದೊಂದು. ಹೊಳೆಗಳು ಎಂದೂ ಬತ್ತದೆ ಇದ್ದುದರಿಂದ ಮೂರು ತಲೆಮಾರಿನವರು ಅವನ್ನು ಮರೆತೇಬಿಟ್ಟಿದ್ದರು. ಹಿಂದಿನ ತೂಬಿನ ಹಲಗೆಯಂತೂ ಹಿರಿಯರ ಹರಟೆಕಟ್ಟೆಯಾಗಿತ್ತು. ಊರ ನೀರು ನೋಡಿಕೊಳ್ಳುವ ನೀರುಗಂಟಿ ಮಾಳವ್ವ ಮಾತ್ರ ಅವರು ಬಂದು ಕೂರುವ ಮೊದಲೇ, ಅಪ್ಪ ಕಲಿಸಿದಂತೆ, ದಿನವೂ ಎರಡೂ ತೂಬುಗಳಿಗೆ ಎಣ್ಣೆ ಹಚ್ಚಿ ಗೇಣುದ್ದ ಎತ್ತಿ ಇಳಿಸುತ್ತಿದ್ದಳು. ಮಾಡಲು ಬೇರೆ ಕೆಲಸವಿಲ್ಲವೇ ಎಂದು ಊರು ನಗುತ್ತಿತ್ತು.

ಹೆಪ್ಪಯ್ಯನೆಂಬ ಮಾಂತ್ರಿಕನಿಗೆ ಆ ರಾಜ್ಯದ ಮೇಲೆ ಕಣ್ಣು. ಮಾತಿಲ್ಲದ ಊರನ್ನು ಆಳುವುದು ಸುಲಭವೆಂದುಕೊಂಡು, ಮುಂದಿನ ಎಡಹೊಳೆಗೆ ಮಂತ್ರಿಸಿದ ಒಂದು ತೊಟ್ಟು ಹಾಕಿದ. ಹಾಲಿಗೆ ಹೆಪ್ಪು ಹಾಕಿದಂತೆ ಹೊಳೆ ಗಟ್ಟಿಯಾಯಿತು. ಆ ಹೊಳೆಯನ್ನೇ ನಂಬಿದ್ದ, ಊರಿಗೆಲ್ಲ ಮಾತು ಕೊಡುವ ಮಾತಿನ ಕೇರಿ ಒಣಗತೊಡಗಿತು. ರಾಜನ ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು.

ಮಾಳವ್ವನ ತಾಯಿ ಆ ಕೇರಿಯವಳೇ. ಮಗಳನ್ನು ನೋಡಿ ತುಟಿ ಅಲುಗಿಸಿದಳು, ಹೆಸರು ಬರಲಿಲ್ಲ. ಒಂದು ಗಳಿಗೆಯೊಳಗೆ ನೀರು ಬರದಿದ್ದರೆ ಆ ಕೇರಿ ಮತ್ತೆ ಚಿಗುರದು ಎಂದ ವೈದ್ಯ. ಮಾಳವ್ವ ಸೆರಗು ಬಿಗಿದು ತೂಬಿನತ್ತ ಓಡಿದಳು.

ಮುಂದಿನ ತೂಬಿನ ಮೇಲೆ ಹೆಪ್ಪಯ್ಯ ಕಾವಲಿಟ್ಟ ಮಾಯದ ಏಡಿ ಕೂತಿತ್ತು. ಕೈಯನ್ನು ಕಚ್ಚಿ ಹಿಡಿಯಿತು. ಅವಳು ಕೈ ಬಿಡಲಿಲ್ಲ, ತೂಬು ಎತ್ತಿದಳು. ಎಣ್ಣೆ ಕಂಡ ತೂಬು ಸರಾಗ ಎದ್ದಿತು. ನೀರು ಬಂತು, ಸಾಲಲಿಲ್ಲ.

ಹಿಂದಿನ ತೂಬಿನ ಮೇಲೆ ಹಿಂದಿನ ಕೇರಿಯ ಹಿರಿಯರು ಕೂತಿದ್ದರು. ತಮ್ಮ ನೀರನ್ನು ಬೇರೆ ಕೇರಿಗೆ ಯಾಕೆ ಕೊಡಬೇಕು ಎಂದು ತಕರಾರು ತೆಗೆದರು.

“ನಾಳೆ ನಿಮ್ಮ ಹೊಳೆ ನಿಂತರೆ ನೀರು ಇದೇ ತೂಬಿನಿಂದ ಬರಬೇಕು, ಅಜ್ಜ. ಏಳಿ,” ಎಂದಳು ಮಾಳವ್ವ.

ಅಜ್ಜಂದಿರು ಎದ್ದರು. ತಾವೂ ಕೈಹಚ್ಚಿದರು. ನೀರು ನುಗ್ಗಿತು, ಮಾತಿನ ಕೇರಿಗೆ ಸಾಕಾಯಿತು.

ಹೆಪ್ಪಯ್ಯ ರೇಗಿದ. ಕಲ್ಲಾಗಿ ಹೋಗಿ ಮೂರನೆಯ ಮತ್ತು ನಾಲ್ಕನೆಯ ಕೊಳದ ನಡುವಿನ ಇಕ್ಕಟ್ಟಾದ ಕಾಲುವೆಯಲ್ಲಿ ಕೂತುಬಿಟ್ಟ. ತಿಳಿನೀರು ಉಕ್ಕಿತು. ಎಲುಬಿನ ಗೋಡೆ ಹಿಗ್ಗುವುದಿಲ್ಲವಲ್ಲ, ಮನೆಗಳೆಲ್ಲ ಗೋಡೆಗೆ ಒತ್ತಿಕೊಂಡು ಬಿರಿಯತೊಡಗಿದವು. ಕಲ್ಲನ್ನು ನೂಕಿ ನೂಕಿ ಎಲ್ಲರೂ ಸೋತರು. ಮಾಳವ್ವ ನೂಕಲಿಲ್ಲ. ನೀರಿಗೆ ದಾರಿ ಬೇಕು, ಅದೇ ದಾರಿ ಬೇಕೆಂದೇನಿಲ್ಲ ಎಂದುಕೊಂಡಳು. ಉಸಿರು ಕಟ್ಟಿ ಮೂರನೆಯ ಕೊಳಕ್ಕೆ ಮುಳುಗಿ, ಅದರ ತೆಳ್ಳನೆಯ ತಳಕ್ಕೆ ಹಾರೆಯಿಂದ ತೂತು ಕೊರೆದಳು.

ನೀರು ಹೊಸ ದಾರಿ ಹಿಡಿಯಿತು, ಊರು ಉಸಿರಾಡಿತು. ಹರಿವನ್ನು ತಡೆಯುವುದೇ ಹೆಪ್ಪಯ್ಯನ ಮಂತ್ರದ ಬಲ, ತಡೆಯಲು ಹರಿವೇ ಇಲ್ಲದ ಕಾಲುವೆಯಲ್ಲಿ ಅದು ಸೋತಿತು. ಕಲ್ಲು ಪುಡಿಯಾಗಿ, ಮತ್ತೆ ತೆರೆದ ಕಾಲುವೆಯ ನೀರಿನೊಡನೆ ನೆತ್ತಿಯ ಮೋರಿಗೆ ಕೊಚ್ಚಿಹೋಯಿತು. ಅವನು ಹಾಕಿದ ಹೆಪ್ಪೂ ಕರಗಿತು, ರಾಜನ ಬಾಯಿ ನೆಟ್ಟಗಾಯಿತು, ಕೈ ಮೇಲೆದ್ದಿತು.

ಒದ್ದೆ ಬಟ್ಟೆಯಲ್ಲೇ ಮಾಳವ್ವ ಮನೆಗೆ ಬಂದಳು. ತಾಯಿ ಬಹಳ ಹೊತ್ತು ತಡವರಿಸಿದಳು.

“ಮಾಳೀ... ಊಟ ಮಾಡಿದೆಯೇನೇ?”

ಮಾಳವ್ವ ಹೊಸಿಲಲ್ಲೇ ಕೂತು ಅತ್ತಳು.

ಆಮೇಲೆ ಎಲ್ಲ ಕೇರಿಯವರೂ ಸರದಿಯ ಮೇಲೆ ತೂಬಿಗೆ ಎಣ್ಣೆ ಹಚ್ಚುತ್ತ ಸುಖವಾಗಿದ್ದರು. ನಂಬದವರು ಕತ್ತಿನ ಪಕ್ಕ ಎರಡು ಬೆರಳಿಟ್ಟು ನೋಡಲಿ. ಹೊಳೆ ಇನ್ನೂ ಹತ್ತುತ್ತಿದೆ.