ಗೀರಿನ ಮೇಲಿನ ಕುಂಕುಮ

ಆಯುಧಪೂಜೆಯ ರಜೆ ಮುಗಿದ ಬೆಳಿಗ್ಗೆ ಶಿವಗಾಮಿ ಪ್ರಯೋಗಶಾಲೆಯ ಬೀಗ ತೆರೆದು ಲೇಸರ್ ಹಚ್ಚಿದಳು. ಫೈಬರ್ ಎಂಬ ಗಾಜಿನ ಎಳೆಯ ತುದಿಯಲ್ಲಿ ಒಂದು ಮಂಕು ಕೆಂಪು ಕಲೆ—ಅಷ್ಟೇ. ಪೂಜೆಗೆ ಮುಂಚೆ ಅಲ್ಲಿ ಕೆಂಪಿನಿಂದ ನೀಲಿಯವರೆಗೆ ಬೆಳಕು ಹರಡುತ್ತಿತ್ತು.

ಗ್ರೇಟಿಂಗ್ ಎಂಬ ಸೂಕ್ಷ್ಮ ಗೆರೆಗಳ ಕನ್ನಡಿಯನ್ನು ಯಾರೋ ಬಟ್ಟೆಯಿಂದ ಉಜ್ಜಿ ಗೀರು ಬೀಳಿಸಿದ್ದರು. ಲೇಸರಿನ ಮಿಂಚನ್ನು ಬಣ್ಣಗಳಾಗಿ ಬಿಡಿಸುತ್ತಿದ್ದುದು ಅದೇ. ಆ ಬಣ್ಣಗಳನ್ನು ತಿದ್ದಿ, ಮತ್ತೆ ಕೂಡಿಸಿ ಫೈಬರಿಗೆ ಬಿಡುವುದು ಅವಳ ಸಂಶೋಧನೆ. ಬೇರೆ ಗ್ರೇಟಿಂಗ್ ವಿದೇಶದಿಂದ ಬರಬೇಕು. ಪರೀಕ್ಷಕರು ಮಧ್ಯಾಹ್ನವೇ ಬರುತ್ತಾರೆ. ತೋರಿಸಲಾಗದಿದ್ದರೆ ಫೆಲೋಶಿಪ್ ಮುಗಿಯಿತು.

ಕಾಲೇಜಿನ ಕಾವಲಿನ ಮುಖ್ಯಸ್ಥ, ನಿವೃತ್ತ ಇನ್‌ಸ್ಪೆಕ್ಟರ್ ಕಂದಸಾಮಿ ಬಂದರು.

"ಪೂಜೆಗೆ ಯಾರ್ಯಾರಿದ್ರು?"

"ಅಟೆಂಡರ್ ರಾಮಲಿಂಗಂ, ನನ್ನ ಜೊತೆ ಸಂಶೋಧನೆ ಮಾಡೋ ಚೆನ್ನಕೇಶವನ್, ನಮ್ಮಮ್ಮ. ರಾಮಲಿಂಗಂನ ಕೆಲಸದಿಂದ ತೆಗೆಸಿ ಸಾರ್! ಕನ್ನಡಿಗೆ ಕುಂಕುಮದ ಬೊಟ್ಟು ಇಟ್ಟು, ಆಮೇಲೆ ಹೆದರಿ ಒರೆಸಿದಾನೆ."

"ಸತ್ಯವಾಗ್ಲೂ ಇಲ್ಲಮ್ಮಾ," ಎಂದ ಬಾಗಿಲಲ್ಲಿದ್ದ ರಾಮಲಿಂಗಂ. "ನಾನು ಬೊಟ್ಟು ಇಟ್ಟಿದ್ದು ಮೇಜಿನ ಕಾಲಿಗೆ."

"ಚೆನ್ನಕೇಶವನ್, ನೀನು?" ಕಂದಸಾಮಿ ಕೇಳಿದರು.

"ಇವಳು ಹೋದ್ರೆ ಲೇಸರ್ ನಂಗೇ, ನಿಜ. ಆದ್ರೆ ಗೀರು ಬಿದ್ದ ಗ್ರೇಟಿಂಗಲ್ಲಿ ನಾನೇನ್ ಮುಖ ನೋಡ್ಕೊಳ್ಳಲಾ?"

ಕಂದಸಾಮಿ ಬಗ್ಗಿ ನೋಡಿದರು. ಕನ್ನಡಿಯ ಮೂಲೆಯಲ್ಲಿ ಒಂದು ಕುಂಕುಮದ ಬೊಟ್ಟು.

"ಅಮ್ಮಿಣಿ, ಹೆದರಿ ಒರೆಸಿದವ ಇದನ್ನ ಯಾಕೆ ಬಿಟ್ಟ?" ಶಿವಗಾಮಿಯನ್ನು ಮಗಳಂತೆ ಕರೆದು ಕೇಳಿದರು.

ಅವಳೂ ಬಗ್ಗಿ ನೋಡಿದಳು.

"ಗೀರು ಬೊಟ್ಟಿನ ಅಡಿಗೆ ಹೋಗಿದೆ. ಬೊಟ್ಟು ಕದಡಿಲ್ಲ. ಅಂದ್ರೆ ಮೊದ್ಲು ಒರೆಸಿದ್ದು, ಆಮೇಲೆ ಕುಂಕುಮ. ಕೆಡಿಸೋಕೆ ಬಂದೋನು ಕುಂಕುಮ ಇಡ್ತಾನಾ? ಪೂಜೆ ಮಾಡಿದವರೇ ಒರೆಸಿದಾರೆ. ನಮ್ಮನೇಲಿ ಪೂಜೆಗೆ ನೇಗಿಲು ತೊಳೀತಾರೆ. ನಿಮ್ಮೂರು ನೆಗಮಂನಲ್ಲಿ, ನಿಮ್ಮ ಮಗ್ಗದ ಮನೇಲಿ?"

"ಬಾಚಣಿಗೆ ಥರದ ಮಗ್ಗದ ಹಣಿಗೇನ ಒರೆಸ್ತಾರೆ. ಹಲ್ಲು ಹಲ್ಲೂ ಬಿಡದೆ, ಸೆರಗಲ್ಲಿ..." ಶಿವಗಾಮಿ ಮಾತನ್ನು ಅರ್ಧಕ್ಕೇ ಬಿಟ್ಟು ಹೊರಗೆ ನಡೆದಳು.

ಅವಳ ಅಮ್ಮ ಕನ್ನಿಯಮ್ಮಾಳ್ ಊರಿಗೆ ಹೊರಡಲು ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದಳು.

"ಅಮ್ಮಾ, ಒಳಗಿನ ಕನ್ನಡಿ ಒರೆಸಿದ್ಯಾ?"

"ಆಮಾ, ನಾನೇ. ಗೆರೆ ಗೆರೆಯಾ ಹಣಿಗೆ ಮಾದ್ರಿ ಅಂತ ನೀನೇ ಹೇಳಿದ್ದಲ್ವಾ, ಧೂಳು ಬೇರೆ ಇತ್ತು. ಅದ್ರಲ್ಲೇ ತಾನೇ ನಿನ್ ಪೊಳಪ್ಪು, ನಿನ್ ಅನ್ನ? ಗಟ್ಟಿಯಾಗೇ ಒರೆಸಿದೆ. ಯಾಕೆ, ನನ್ ಕಣ್ಣು?"

ಶಿವಗಾಮಿ ಒಳಗೆ ಬಂದಳು.

"ರಾಮಲಿಂಗಂ ಮೇಲಿನ ದೂರು ಬಿಡಿ ಸಾರ್. ಒರೆಸಿದ್ದು ನಮ್ಮಮ್ಮ."

"ಪರೀಕ್ಷಕರಿಗೆ ಏನು ಹೇಳ್ತೀಯ?" ಕಂದಸಾಮಿ ಕೇಳಿದರು.

"ಇದನ್ನೇ ಹೇಳ್ತೀನಿ."

"ನಗ್ತಾರೆ," ಎಂದ ಚೆನ್ನಕೇಶವನ್.

"ನಗಲಿ."

ಅವಳು ಲೇಸರ್ ಆರಿಸಿದಳು. ಮಂಕು ಕೆಂಪು ಕಲೆಯೂ ಹೋಯಿತು.