ಚೀಲದ ಮೇಲಿನ ಹೆಸರು

ಲಾಸ್ ಓಯಾಸ್ ಬೆಟ್ಟದ ಇಳಿಜಾರಿನಿಂದ ಲೆಯಾಂದ್ರೊ ಹದಿನಾಲ್ಕು ಹಾವುಗಳನ್ನು ಹಿಡಿದುಕೊಂಡು ಹೋದ. ಜಾಗ ತೋರಿಸಿದವಳು ಅದೇ ಊರಿನ ಒತಿಲಿಯಾ. ಒಂದೂ ವಾಪಸ್ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವನು ಮೊದಲ ಸಲ ಬಂದಾಗ ಅವಳು ಪೈನ್ ಮರದ ತೊಗಟೆ ಕೆತ್ತಿ ರಾಳದ ಬಟ್ಟಲು ಸಿಕ್ಕಿಸುತ್ತಿದ್ದಳು. ಬಿಲ ತೋರಿಸಲು ಅವನ ಶರ್ಟಿನ ತೋಳು ಹಿಡಿದೆಳೆದಳು. ಬೆರಳು ಅಂಟಿಕೊಂಡವು.

"ಬಿಡ್ತೀಯೋ ಇಲ್ವೋ?" ಅವನು ಕಣ್ಣು ಕಿರಿದು ಮಾಡಿ ನಕ್ಕ.

"ಹಿಡ್ಕೊಂಡಿರೋದು ನಾನಲ್ಲ, ಮರ."

"ಹಾಗಾದ್ರೆ ನಿಮ್ಮೂರ ಮರಕ್ಕೆ ನನ್ ಮೇಲೆ ಮನಸ್ಸಾಗಿದೆ ಅನ್ನು!"

ಅವಳ ಕಿವಿ ಬಿಸಿಯಾಯಿತು. ಹಂದಿಕೊಬ್ಬು ಉಜ್ಜಿ ಬೆರಳು ಬಿಡಿಸಿಕೊಳ್ಳುವಾಗ ಇಬ್ಬರಿಗೂ ಅವಸರವಿರಲಿಲ್ಲ.

ಹಿಡಿದ ಒಂದೊಂದು ಸಿಂಕ್ವಾತೆಯನ್ನೂ, ಇಲಿ ತಿಂದು ಬದುಕುವ ಆ ಹಾವನ್ನು, ಅವನು ಬಟ್ಟೆಚೀಲಕ್ಕೆ ಇಳಿಬಿಟ್ಟು, ಬಾಯಿ ಕಟ್ಟಿ, ಮೇಲೆ ಇಳಿಜಾರಿನ ಹೆಸರು ಬರೆದ. ಅದನ್ನು ಕಂಡೇ ಒತಿಲಿಯಾ ಅವನನ್ನು ನಂಬಿದ್ದು. ರಾಳದ ಡಬ್ಬಗಳ ಮೇಲೆ ಅವಳ ಜನವೂ ಹಾಗೆಯೇ ಬರೆಯುತ್ತಾರೆ, ಕಾರ್ಖಾನೆಯಲ್ಲಿ ಖಾಲಿಯಾದ ಡಬ್ಬ ತನ್ನ ಇಳಿಜಾರಿಗೇ ಮರಳಲಿ ಎಂದು. ಹೆಸರು ಹೊತ್ತು ಹೋದದ್ದೆಲ್ಲ ತಿರುಗಿ ಬರುತ್ತದೆ ಎಂದುಕೊಂಡಳು. ಹಾವೂ, ಅವನೂ.

ಲೆಯಾಂದ್ರೊನಿಂದ ಹಾವು ಕೊಳ್ಳುತ್ತಿದ್ದ ಗ್ವಾದಲಹಾರಾ ನಗರದ ಸಂಗ್ರಹಕಾರನಿಗೆ ಆ ಹೆಸರು ಬೇಕಿದ್ದ ಕಾರಣವೇ ಬೇರೆ. ಯಾವ ಬೆಟ್ಟದ್ದೆಂದು ಗೊತ್ತಿಲ್ಲದ ಹಾವಿಗೆ ಅವನ ಗಾಜಿನ ಪೆಟ್ಟಿಗೆಯಲ್ಲಿ ಜಾಗವಿಲ್ಲ. ಹಾವಿಗೆ ಊರಿರಬೇಕು, ಸರಿ. ಊರಿಗೆ ಹಾವಿರಬೇಡವೇ ಎಂದು ಅವನನ್ನು ಕೇಳುವವರಿರಲಿಲ್ಲ.

ಕಟಾವಾದ ಮೇಲೆ ಕಣಜಗಳಿಗೆ ಇಲಿ ನುಗ್ಗಿದವು. ಮುಸುಕಿನ ಜೋಳದಲ್ಲಿ ಬರೀ ದಿಂಡು ಉಳಿಯಿತು.

"ಹಾವು ಹಾಲು ಕದಿಯುತ್ತೆ ಅಂತಿದ್ವಿ," ಸೋದರತ್ತೆ ಮಕಾರಿಯಾ ರೊಟ್ಟಿ ಮಗುಚುತ್ತ ಚುಚ್ಚಿದಳು. "ನಿನ್ ಸೊಗಸುಗಾರ ಹಾವನ್ನೇ ಕದ್ದ ಕಣೇ!"

ಊರಿನಲ್ಲಿ ಅವಳನ್ನು ಮಾತನಾಡಿಸುತ್ತಿದ್ದವಳು ಆ ಅತ್ತೆಯೊಬ್ಬಳೇ.

ಮಾರ್ಚಿನ ಬಿಸಿಲಿನಲ್ಲಿ ಲೆಯಾಂದ್ರೊ ಬಂದ. ಭುಜದ ಮೇಲೆ ಒಂದೇ ಒಂದು ಚೀಲ, ಖಾಲಿ.

"ಬರ್ತೀನಿ ಅಂದಿದ್ದೆ, ಬಂದೆ ನೋಡು."

"ಅವು?"

ಅವನು ನೆಲ ನೋಡಿದ. "ಹೆಣ್ಣುಗಳೆಲ್ಲ ಸತ್ವು, ಲಿಯಾ. ಈಗ ಒಂದು ಹೆಣ್ಣು ಬೇಕು, ಇದೇ ಇಳಿಜಾರಿಂದು. ಬೇರೆ ಬೆಟ್ಟದ್ದನ್ನ ಯಜಮಾನ್ರು ಮುಟ್ಟಲ್ಲ. ಜೋಡಿಯಾದ್ರೆ ನಂಗೆ ಅಲ್ಲೇ ಕೆಲಸ, ಇರೋಕೆ ಮನೆ. ನಮ್ಮಿಬ್ರಿಗೂ."

ಅತ್ತೆಯ ಕಣಜದಡಿ ಒಂದು ಹಾವಾದರೂ ಉಳಿದಿದೆ ಎಂದು ಅವನಿಗೆ ಫೋನಿನಲ್ಲಿ ಅಳುತ್ತ ಹೇಳಿದ್ದವಳು ಅವಳೇ.

ಅದೇ ಶರ್ಟು. ತೋಳಿನ ಮೇಲೆ ಅವಳ ನಾಲ್ಕು ಬೆರಳು, ಕಪ್ಪಾಗಿ.

"ಕಲೆ ಹೋಗಿಲ್ಲ," ಅಂದಳು.

"ಹೋಗ್ಬಾರ್ದು ಅಂತ ಉಜ್ಜಲೇ ಇಲ್ಲ."

ಅವಳಿಗೆ ಅಲ್ಲೇ ಸತ್ತುಹೋಗೋಣ ಎನಿಸಿತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಿನ್ನ ಬಿಟ್ಟು ನಂಗೆ ಯಾರೂ ಇಲ್ಲ, ಲೆಯಾಂದ್ರೊ. ಊರೂ ಇಲ್ಲ ಈಗ."

"ಅದಕ್ಕೇ ಹೇಳ್ತಿರೋದು. ಬಾ. ಕಣಜದ ಬಾಗಿಲು ತೆಗಿ."

ಒತಿಲಿಯಾ ಕಣಜದ ತನಕ ನಡೆದಳು. ಬಾಗಿಲಿಗೆ ಬೆನ್ನು ಕೊಟ್ಟು ಕುಕ್ಕರಿಸಿದಳು. ಹಲಗೆಯ ಕೆಳಗೆ ಒಣ ಸಿಪ್ಪೆಯ ಮೇಲೆ ಏನೋ ನಿಧಾನವಾಗಿ ಸರಿಯಿತು.

ಅವನು ಮುಂದೆ ಮಂಡಿಯೂರಿ ಅವಳ ಕೈ ಹಿಡಿದ. ರಾಳ ಅಂಟಿತು.

"ಏಳು, ಲಿಯಾ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಏಳಲ್ಲ."